ಮಾತು ಬರೆಯುವ ಚಿತ್ರ

'ರೈತ' ಎಂಬ ಶಬ್ದವನ್ನು ಕೇಳಿದೊಡನೆ ನಮ್ಮ ಮನಸ್ಸಿನಲ್ಲಿ ಒಂದು ಚಿತ್ರ ಮೂಡುತ್ತದೆ. ತಲೆಗೆ ರುಮಾಲು, ಹೆಗಲ ಮೇಲೆ ನೇಗಿಲು, ಮುಂದೆ ಒಂದು ಜೊತೆ ಎತ್ತು. ಆ ಚಿತ್ರದಲ್ಲಿರುವವನು ಗಂಡಸು. ಶಾಲೆಯಲ್ಲಿ ಪಾಠ ಹೇಳುತ್ತಿದ್ದ ದಿನಗಳಲ್ಲಿ ನಾನು ಮಕ್ಕಳಿಗೆ ರೈತನ ಚಿತ್ರ ಬರೆಯಲು ಹೇಳುವುದಿತ್ತು. ಅವರು ಬರೆದು ತಂದ ಚಿತ್ರಗಳು ಬಹುಮಟ್ಟಿಗೆ ಒಂದೇ ಬಗೆಯವು. ಆ ಮಕ್ಕಳಲ್ಲಿ ಹಲವರ ತಾಯಂದಿರು ಅದೇ ಹೊತ್ತಿನಲ್ಲಿ ಗದ್ದೆಯ ಕೆಸರಿನಲ್ಲಿ ಬಗ್ಗಿ ನಾಟಿ ಹಾಕುತ್ತಲೋ ಹೊಲದಲ್ಲಿ ಕಳೆ ಕೀಳುತ್ತಲೋ ಇದ್ದರು. ಬಿತ್ತನೆಯ ಬೀಜವನ್ನು ಆರಿಸಿ ಕಾಪಾಡುವುದು, ನಾಟಿ, ಕಳೆ, ಕೊಯ್ಲು, ಒಕ್ಕಣೆ, ಹಾಲು ಕರೆಯುವುದು, ಕೊಟ್ಟಿಗೆ ಬಳಿಯುವುದು - ಬೇಸಾಯಕ್ಕೆ ಸೇರಿದ ಈ ಕೆಲಸಗಳಲ್ಲಿ ಹೆಂಗಸಿನ ಕೈ ಸೋಕದುದು ಯಾವುದು? ಮಕ್ಕಳು ಕಣ್ಣಾರೆ ಕಂಡದ್ದು ಒಂದು, ಅವರ ಕೈ ಬರೆದದ್ದು ಇನ್ನೊಂದು. ಕಣ್ಣಿಗೂ ಕೈಗೂ ನಡುವೆ ನಿಂತು ಈ ವ್ಯತ್ಯಾಸವನ್ನು ಉಂಟುಮಾಡಿದ್ದು 'ರೈತ' ಎಂಬ ಒಂದು ಮಾತು.

ಭಾಷೆಯು ಭಾವವನ್ನು ಹೊತ್ತು ಸಾಗಿಸುವ ವಾಹನವೆಂದು ಹೇಳುವುದು ವಾಡಿಕೆ. ಅದು ನಿಜ, ಆದರೆ ಪೂರ್ತಿ ನಿಜವಲ್ಲ. ಆಲೆಮನೆಯಲ್ಲಿ ಬೆಲ್ಲದ ಪಾಕವನ್ನು ಅಚ್ಚಿಗೆ ಹೊಯ್ಯುವುದನ್ನು ನೀವು ನೋಡಿರಬಹುದು. ಪಾಕ ಒಂದೇ, ಅಚ್ಚು ಹೇಗೋ ಬೆಲ್ಲ ಹಾಗೆ. ಮಾತು ಕೂಡ ಇಂಥದೊಂದು ಅಚ್ಚು. ಗಂಡು ಎಂದರೆ ಹೀಗಿರಬೇಕು, ಹೆಣ್ಣು ಎಂದರೆ ಹೀಗಿರಬೇಕು ಎಂದು ನಾವು ತಿಳಿದುಕೊಂಡಿರುವ ಎಷ್ಟೋ ಸಂಗತಿಗಳು ಮಾತಿನ ಅಚ್ಚಿನಲ್ಲಿ ಆಕಾರ ಪಡೆದಂಥವು. ಆ ಅಚ್ಚುಗಳು ಯಾವುವು, ಅವುಗಳಲ್ಲಿ ಭಾಷೆಯ ಪಾಲೆಷ್ಟು, ಅದನ್ನಾಡುವ ನಮ್ಮ ಪಾಲೆಷ್ಟು ಎಂಬುದನ್ನು ವಿಚಾರಮಾಡಿ ನೋಡುವುದು ಅಗತ್ಯ.

ಮೊದಲು ವ್ಯಾಕರಣದ ಲಿಂಗವನ್ನು ತೆಗೆದುಕೊಳ್ಳೋಣ. ಕನ್ನಡದಲ್ಲಿ ಲಿಂಗವ್ಯವಸ್ಥೆ ಬಹುಮಟ್ಟಿಗೆ ಅರ್ಥವನ್ನು ಅನುಸರಿಸುತ್ತದೆ. ಗಂಡಸನ್ನು ಹೇಳುವ ಶಬ್ದ ಪುಲ್ಲಿಂಗ, ಹೆಂಗಸನ್ನು ಹೇಳುವುದು ಸ್ತ್ರೀಲಿಂಗ, ಉಳಿದುದೆಲ್ಲ ನಪುಂಸಕಲಿಂಗ. ಸಂಸ್ಕೃತದ ರೀತಿ ಬೇರೆ. ಅಲ್ಲಿ ಹೆಂಡತಿ ಎಂಬ ಒಂದೇ ಅರ್ಥವುಳ್ಳ ಮೂರು ಶಬ್ದಗಳಲ್ಲಿ 'ಭಾರ್ಯಾ' ಸ್ತ್ರೀಲಿಂಗ, 'ಕಲತ್ರ' ನಪುಂಸಕಲಿಂಗ, 'ದಾರ' ಪುಲ್ಲಿಂಗ. ಅದರ ಮೇಲೆ ಈ 'ದಾರ' ಯಾವಾಗಲೂ ಬಹುವಚನದಲ್ಲಿಯೇ ಬರತಕ್ಕದ್ದು. ಹೆಂಡತಿಯನ್ನು 'ದಾರ' ಎಂದು ಕರೆದವರು ಅವಳನ್ನು ಗಂಡಸೆಂದು ಭಾವಿಸಿದ್ದರೆಂದು ಯಾರೂ ಹೇಳಲಾರರು. ತೆಲುಗಿನಲ್ಲಿ 'ಆಮೆ ವಚ್ಚಿಂದಿ' ಎಂದರೆ ಆಕೆ ಬಂದಳು, 'ಅದಿ ವಚ್ಚಿಂದಿ' ಎಂದರೆ ಅದು ಬಂದಿತು. ಕ್ರಿಯಾಪದ ಎರಡಕ್ಕೂ ಒಂದೇ. ಗಂಡಸಿಗೆ ಮಾತ್ರ 'ವಚ್ಚಾಡು' ಎಂಬ ಪ್ರತ್ಯೇಕ ರೂಪವುಂಟು. ನಮ್ಮಲ್ಲಿಯೇ ಹವ್ಯಕರ ಕನ್ನಡದಲ್ಲಿ 'ಅಕ್ಕ ಬಂತು' ಎನ್ನುತ್ತಾರೆ. ಹಾಗೆಂದವರ ಮನಸ್ಸಿನಲ್ಲಿ ಅಕ್ಕನ ವಿಷಯದಲ್ಲಿ ತಿರಸ್ಕಾರವಿರುವುದಿಲ್ಲ, ಪ್ರೀತಿಯೇ ಇರುತ್ತದೆ.

ಇನ್ನು ಲಿಂಗಭೇದವೇ ಇಲ್ಲದ ಸರ್ವನಾಮಗಳನ್ನುಳ್ಳ ಭಾಷೆಗಳೂ ಇವೆ. ಬಂಗಾಳಿ, ಪಾರಸಿ, ತುರ್ಕಿ, ಫಿನ್ನಿಷ್ ಭಾಷೆಗಳಲ್ಲಿ 'ಅವನು' ಮತ್ತು 'ಅವಳು' ಎಂಬುದಕ್ಕೆ ಒಂದೇ ಮಾತು. ಹಾಗಾದರೆ ಆ ಭಾಷೆಗಳನ್ನಾಡುವ ನಾಡುಗಳಲ್ಲಿ ಹೆಣ್ಣಿಗೂ ಗಂಡಿಗೂ ಸಮಾನತೆ ತಾನಾಗಿಯೇ ಒದಗಿಬಂದಿತೇ? ಗಂಡನ ಚಿತೆಯಲ್ಲಿ ಹೆಂಡತಿಯನ್ನು ಸುಡುವ ಪದ್ಧತಿಯನ್ನು ನಿಲ್ಲಿಸಲು 1829ರಲ್ಲಿ ಶಾಸನ ಮಾಡಬೇಕಾಗಿ ಬಂದದ್ದು ಬಂಗಾಳದಲ್ಲಿ. ಅವನಿಗೂ ಅವಳಿಗೂ ಒಂದೇ ಸರ್ವನಾಮವಿದ್ದ ನಾಡಿನಲ್ಲಿ ಚಿತೆ ಮಾತ್ರ ಅವಳೊಬ್ಬಳಿಗೇ ಮೀಸಲಾಗಿತ್ತು. ಆದುದರಿಂದ ಪ್ರತ್ಯಯಗಳನ್ನೂ ಸರ್ವನಾಮಗಳನ್ನೂ ದೂಷಿಸಿ ಪ್ರಯೋಜನವಿಲ್ಲ. ವ್ಯಾಕರಣವು ನಮಗೆ ಹಲವು ಉಪಕರಣಗಳನ್ನು ಕೊಡುತ್ತದೆ. ಅವುಗಳಲ್ಲಿ ಯಾವುದನ್ನು ಯಾರಿಗೆ ಬಳಸುತ್ತೇವೆ ಎಂಬಲ್ಲಿ ನಮ್ಮ ಮನಸ್ಸು ಬಯಲಾಗುತ್ತದೆ.

ಬಳಕೆಯ ಮೊದಲನೆಯ ಸಾಕ್ಷಿ ನಮ್ಮ ಜೋಡಿ ಶಬ್ದಗಳಲ್ಲಿದೆ. ಅರಸ-ಅರಸಿ, ಒಡೆಯ-ಒಡತಿ, ಗೆಳೆಯ-ಗೆಳತಿ, ಹೂವಾಡಿಗ-ಹೂವಾಡಗಿತ್ತಿ ಎಂದು ಕನ್ನಡದಲ್ಲಿ ಸೊಗಸಾದ ಜೋಡಿಗಳಿವೆ. ಆದರೆ ಕೆಲವು ಶಬ್ದಗಳಿಗೆ ಜೋಡಿಯೇ ಇಲ್ಲ. 'ಮುತ್ತೈದೆ' ಎಂಬುದಕ್ಕೆ ಸಮನಾಗಿ, ಹೆಂಡತಿ ಬದುಕಿರುವ ಗಂಡಸನ್ನು ಗೌರವಿಸುವ ಮಾತು ಯಾವುದು? 'ಬಂಜೆ' ಎಂಬ ಕಟುವಾದ ಮಾತು ಹೆಂಗಸಿಗೆ ಉಂಟು. ಮಕ್ಕಳಾಗದಿರುವುದಕ್ಕೆ ಗಂಡನೂ ಕಾರಣನಾಗಿರಬಹುದೆಂದು ವೈದ್ಯಶಾಸ್ತ್ರ ಸ್ಪಷ್ಟವಾಗಿ ಹೇಳಿದರೂ ಅವನನ್ನು ನೋಯಿಸುವ ಅಂಥ ಮಾತು ಜನರ ಬಾಯಲ್ಲಿಲ್ಲ. 'ವಿಧವೆ'ಗೆ 'ವಿಧುರ' ಎಂಬ ಜೊತೆ ಇದೆ. ಆದರೆ ಅದು ನಿಘಂಟಿನಲ್ಲಿಯೇ ಹೆಚ್ಚಾಗಿ ಉಳಿದಿದೆ. ಹೆಂಡತಿಯನ್ನು ಕಳೆದುಕೊಂಡವನನ್ನು ಊರು ಆ ಹೆಸರಿನಿಂದ ಗುರುತಿಸುವುದಿಲ್ಲ. ಅವನು ಮೊದಲಿನಂತೆ ಶಾನುಭೋಗನೋ ಅಂಗಡಿಯವನೋ ಮೇಷ್ಟರೋ ಆಗಿರುತ್ತಾನೆ. ಗಂಡನನ್ನು ಕಳೆದುಕೊಂಡವಳಿಗಾದರೋ ಆ ಒಂದು ಶಬ್ದವೇ ಹೆಸರಾಗಿ, ಅವಳು ಹೊಸ್ತಿಲ ಯಾವ ಕಡೆ ನಿಲ್ಲಬೇಕೆಂಬುದನ್ನು ಗೊತ್ತುಮಾಡಿಬಿಡುತ್ತಿತ್ತು.

ನಂಜನಗೂಡು ತಿರುಮಲಾಂಬ ಅವರು ತಮ್ಮ 14ನೆಯ ವಯಸ್ಸಿನಲ್ಲಿ ಇಂಥ ಹೆಸರಿಗೆ ಒಳಗಾದರು. ಅಂದರೆ, ಇದನ್ನು ಓದುತ್ತಿರುವ ನಿಮ್ಮ ವಯಸ್ಸಿನಲ್ಲಿ. ಆದರೆ ಅವರು ಮನೆಯಲ್ಲಿಯೇ ಓದು ಬರೆಹಗಳನ್ನು ಬೆಳೆಸಿಕೊಂಡು, 1913ರಲ್ಲಿ 'ಸತೀಹಿತೈಷಿಣೀ' ಎಂಬ ಗ್ರಂಥಮಾಲೆಯನ್ನು ಆರಂಭಿಸಿ, ಕಾದಂಬರಿಗಳನ್ನು ಬರೆದು, ಪತ್ರಿಕೆಯನ್ನೂ ನಡೆಸಿದರು. ಸಮಾಜ ಕೊಟ್ಟ ಒಂದು ಹೆಸರನ್ನು ಹಿಂದಕ್ಕೆ ಸರಿಸಿ ಕಾದಂಬರಿಗಾರ್ತಿ, ಪ್ರಕಾಶಕಿ, ಸಂಪಾದಕಿ ಎಂಬ ಮೂರು ಹೆಸರುಗಳನ್ನು ಸ್ವಂತ ದುಡಿಮೆಯಿಂದ ಸಂಪಾದಿಸಿದರು. ಆ ಕಾಲದ ಎಷ್ಟು ಮಂದಿ ಬಾಲೆಯರಿಗೆ ಹಾಗೆ ಮಾಡಲು ಸಾಧ್ಯವಿತ್ತೆಂದು ಯೋಚಿಸಿದರೆ, ಒಂದು ಶಬ್ದದ ಭಾರ ಎಷ್ಟೆಂಬುದು ತಿಳಿದೀತು.

ಹೆಸರಿನ ಹಿಂದೆ ಹಚ್ಚುವ ಗೌರವಸೂಚಕಗಳಲ್ಲಿಯೂ ಇದೇ ಭೇದ. ಗಂಡಸಿಗೆ 'ಶ್ರೀ' ಎಂದರೆ ಸಾಕು. ಅವನಿಗೆ ಮದುವೆಯಾಗಿದೆಯೇ ಇಲ್ಲವೇ ಎಂಬುದನ್ನು ಅದು ಹೇಳುವುದಿಲ್ಲ. ಹೆಣ್ಣಿಗೆ 'ಕುಮಾರಿ' ಅಥವಾ 'ಶ್ರೀಮತಿ'. ಅವಳು ವೈದ್ಯಳಾಗಿರಲಿ, ನ್ಯಾಯಾಧೀಶಳಾಗಿರಲಿ, ಜನ ಮೊದಲು ತಿಳಿಯಬಯಸುವುದು ಅವಳ ಮದುವೆಯ ವಿಷಯ ಎಂಬಂತೆ ಈ ಪದ್ಧತಿ ಬೆಳೆದುಬಂದಿದೆ.

ಎರಡನೆಯ ಸಾಕ್ಷಿ ಏಕವಚನ ಬಹುವಚನಗಳಲ್ಲಿದೆ. ಒಬ್ಬರಿಗೇ ಬಹುವಚನವನ್ನು ಬಳಸಿ ಗೌರವಿಸುವುದು ಕನ್ನಡದ ಒಂದು ಸೊಬಗು. ಈ ಗೌರವ ಮನೆಯಲ್ಲಿ ಯಾರಿಗೆ ಸಲ್ಲುತ್ತದೆ ಎಂಬುದನ್ನು ಗಮನಿಸಿ. 'ಅಪ್ಪ ಬಂದರು, ಅಮ್ಮ ಬಂದಳು' ಎಂಬುದು ಅನೇಕ ಮನೆಗಳ ಮಾತು. ಹೆಂಡತಿ ಗಂಡನನ್ನು 'ನೀವು' ಎನ್ನುತ್ತಾಳೆ, 'ಏನೂಂದ್ರೆ' ಎಂದು ಕರೆಯುತ್ತಾಳೆ, ಪರರ ಮುಂದೆ 'ನಮ್ಮ ಯಜಮಾನರು' ಎನ್ನುತ್ತಾಳೆ. ಗಂಡ ಹೆಂಡತಿಯನ್ನು 'ನೀನು' ಎನ್ನುತ್ತಾನೆ. 'ಏ, ಇಲ್ಲಿ ಬಾರೇ' ಎನ್ನುತ್ತಾನೆ. ತಾಯಿಗೆ ಏಕವಚನವನ್ನು ಬಳಸುವುದರಲ್ಲಿ ಸಲುಗೆಯಿದೆ, ಅಕ್ಕರೆಯಿದೆ ಎಂದು ಸಮಾಧಾನ ಹೇಳುವವರುಂಟು. ಅದು ಸುಳ್ಳಲ್ಲ. ಕನ್ನಡ ನಾಡಿನ ಎಷ್ಟೋ ಹಳ್ಳಿಗಳಲ್ಲಿ ತಂದೆಗೂ ಏಕವಚನವೇ ಸಲ್ಲುವುದರಿಂದ ಅಲ್ಲಿ ಈ ಪ್ರಶ್ನೆಯೇ ಏಳದು. ಆದರೆ ಒಂದೇ ಮನೆಯಲ್ಲಿ ಒಬ್ಬರಿಗೆ ಗೌರವವೂ ಇನ್ನೊಬ್ಬರಿಗೆ ಸಲುಗೆಯೂ ಯಾವಾಗಲೂ ತಪ್ಪದೆ ಹಂಚಿಕೆಯಾಗುತ್ತಿದ್ದರೆ, ಅದನ್ನು ದಿನವೂ ಕೇಳುವ ಮಗುವಿಗೆ ಒಂದು ಪಾಠವಾಗುತ್ತದೆ: ತಂದೆಯ ಮಾತನ್ನು ಕೇಳಬೇಕು, ತಾಯಿಯ ಮಾತಿಗೆ ಎದುರಾಡಬಹುದು. ಈ ಪಾಠವನ್ನು ಯಾವ ಪುಸ್ತಕದಲ್ಲಿಯೂ ಅಚ್ಚುಮಾಡಬೇಕಾಗಿಲ್ಲ. ಕ್ರಿಯಾಪದದ ಕೊನೆಯ ಅಕ್ಷರವೇ ಅದನ್ನು ಕಲಿಸಿಕೊಡುತ್ತದೆ.

ಮೂರನೆಯ ಸಾಕ್ಷಿ ಕರ್ತೃ ಮತ್ತು ಕರ್ಮಗಳದು. ವಾಕ್ಯದಲ್ಲಿ ಕೆಲಸವನ್ನು ಮಾಡುವವನು ಕರ್ತೃ, ಅವನ ಕೆಲಸಕ್ಕೆ ವಿಷಯವಾಗುವುದು ಕರ್ಮ ಎಂದು ನೀವು ವ್ಯಾಕರಣದಲ್ಲಿ ಓದಿದ್ದೀರಿ. ಮದುವೆಯ ಮಾತುಗಳನ್ನು ಇಲ್ಲಿ ಪರೀಕ್ಷಿಸಿ. ಹೆಣ್ಣನ್ನು ನೋಡುತ್ತಾರೆ, ಹೆಣ್ಣನ್ನು ಒಪ್ಪುತ್ತಾರೆ, ಹೆಣ್ಣನ್ನು ಕೊಡುತ್ತಾರೆ, ಹೆಣ್ಣನ್ನು ತರುತ್ತಾರೆ, ಧಾರೆ ಎರೆದುಕೊಡುತ್ತಾರೆ, ಮನೆ ತುಂಬಿಸಿಕೊಳ್ಳುತ್ತಾರೆ. ಇಷ್ಟು ಕ್ರಿಯಾಪದಗಳಲ್ಲಿ ಒಂದಕ್ಕಾದರೂ ಆ ಹೆಣ್ಣು ಕರ್ತೃವಾಗಿದ್ದಾಳೆಯೇ? ಪಾತ್ರೆಯನ್ನೋ ಹಸುವನ್ನೋ ಕೊಟ್ಟು ತರುವ ಮಾತು ಮನುಷ್ಯರಿಗೂ ಸಲ್ಲುವಾಗ ಯಾರಿಗೂ ವಿಚಿತ್ರವೆನಿಸುವುದಿಲ್ಲ.

ಮನೆಗೆಲಸದ ಮಾತಿನಲ್ಲಿ ಇದು ಮತ್ತೊಂದು ರೂಪ ತಾಳುತ್ತದೆ. 'ನಿನ್ನ ತಾಯಿ ಏನು ಕೆಲಸ ಮಾಡುತ್ತಾರೆ?' ಎಂದು ಕೇಳಿದರೆ 'ಏನೂ ಇಲ್ಲ, ಮನೆಯಲ್ಲಿದ್ದಾರೆ' ಎಂದು ಮಕ್ಕಳು ಉತ್ತರ ಕೊಡುತ್ತಾರೆ. ರಾಷ್ಟ್ರೀಯ ಅಂಕಿಅಂಶ ಕಚೇರಿಯು 2019ರಲ್ಲಿ ನಡೆಸಿದ ಸಮೀಕ್ಷೆಯ ಪ್ರಕಾರ ಭಾರತದಲ್ಲಿ ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗುವ ಹೆಂಗಸರು ಅದಕ್ಕಾಗಿ ದಿನಕ್ಕೆ ಸರಾಸರಿ 299 ನಿಮಿಷಗಳನ್ನೂ, ಅಂಥ ಕೆಲಸದಲ್ಲಿ ತೊಡಗುವ ಗಂಡಸರು 97 ನಿಮಿಷಗಳನ್ನೂ ವೆಚ್ಚಮಾಡುತ್ತಿದ್ದರು. ಐದು ಗಂಟೆಗೆ ಒಂದೇ ನಿಮಿಷ ಕಡಿಮೆಯಾದ ಈ ದುಡಿಮೆಗೆ ನಾವು ಇಟ್ಟಿರುವ ಹೆಸರು 'ಏನೂ ಇಲ್ಲ'. ಗಂಡಸು ಎಂದಾದರೊಂದು ದಿನ ಪಾತ್ರೆ ತೊಳೆದರೆ 'ಹೆಂಡತಿಗೆ ಸಹಾಯ ಮಾಡುತ್ತಾನೆ' ಎಂದು ಹೊಗಳುತ್ತೇವೆ. ಸಹಾಯ ಎಂಬ ಮಾತಿನಲ್ಲಿಯೇ ಆ ಕೆಲಸ ಅವನದಲ್ಲ ಎಂಬ ತೀರ್ಮಾನ ಅಡಗಿದೆ. ಉಂಡ ತಟ್ಟೆ ಮಾತ್ರ ಅವನದೇ. ಸರ್ಕಾರದ ಭಾಷೆಯೂ ಇದಕ್ಕಿಂತ ಭಿನ್ನವಾಗಿರಲಿಲ್ಲ. ಜನಗಣತಿಯಲ್ಲಿ ಮನೆಗೆಲಸವನ್ನಷ್ಟೇ ಮಾಡುವವರನ್ನು 'ಕೆಲಸ ಮಾಡದವರು' ಎಂಬ ವರ್ಗಕ್ಕೆ ಸೇರಿಸಿ, ಭಿಕ್ಷುಕರ ಮತ್ತು ಕೈದಿಗಳ ಜೊತೆಗೆ ಎಣಿಸಿದ್ದನ್ನು ಸರ್ವೋಚ್ಚ ನ್ಯಾಯಾಲಯವು 2010ರಲ್ಲಿ ಒಂದು ಅಪಘಾತ ಪರಿಹಾರದ ಮೊಕದ್ದಮೆಯಲ್ಲಿ ಬಲವಾಗಿ ಟೀಕಿಸಿತು. ಅಪಘಾತದಲ್ಲಿ ತೀರಿಕೊಂಡ ಗೃಹಿಣಿಯ ಮನೆಯವರಿಗೆ ಎಷ್ಟು ಪರಿಹಾರ ಕೊಡಬೇಕೆಂಬುದು ಅಲ್ಲಿನ ಪ್ರಶ್ನೆ. ಅವಳು ಮಾಡುತ್ತಿದ್ದುದು ಕೆಲಸವೋ ಅಲ್ಲವೋ ಎಂಬ ಶಬ್ದದ ತೀರ್ಮಾನದ ಮೇಲೆ ಒಂದು ಮನೆಯವರ ಹಣದ ತೀರ್ಮಾನ ನಿಂತಿತ್ತು.

ಇಂಥ ಮಾತಿನಿಂದ ಹೆಣ್ಣಿಗೆ ಮಾತ್ರ ನಷ್ಟವೆಂದು ತಿಳಿಯಬಾರದು. ಗಂಡುಹುಡುಗರಿಗೂ ಅದು ಬಿಗಿಯಾದ ಅಂಗಿಯನ್ನು ತೊಡಿಸುತ್ತದೆ. ಬಿದ್ದು ಮಂಡಿ ತರಚಿಕೊಂಡ ಹುಡುಗನಿಗೆ 'ಗಂಡಸಾಗಿ ಅಳುತ್ತೀಯಾ?' ಎನ್ನುತ್ತೇವೆ. ಜಗಳದಿಂದ ಹಿಂದೆಗೆದವನಿಗೆ 'ಕೈಗೆ ಬಳೆ ತೊಟ್ಟುಕೋ' ಎನ್ನುತ್ತೇವೆ. 'ನಗುವ ಹೆಂಗಸನ್ನೂ ಅಳುವ ಗಂಡಸನ್ನೂ ನಂಬಬಾರದು' ಎಂದು ಗಾದೆಯನ್ನೇ ಕಟ್ಟಿದ್ದೇವೆ. ಈ ಗಾದೆಯ ಪ್ರಕಾರ ನಡೆದರೆ ಲೋಕದ ಅರ್ಧ ಜನ ನಗುವಂತಿಲ್ಲ, ಉಳಿದರ್ಧ ಜನ ಅಳುವಂತಿಲ್ಲ! ದುಃಖವನ್ನು ಹೇಳಿಕೊಳ್ಳಲು ಬಾರದೆ ಒಳಗೊಳಗೇ ಬೇಯುವ ಗಂಡಸರು, ಅದನ್ನು ಸಿಟ್ಟಾಗಿ ಮನೆಯವರ ಮೇಲೆ ಹರಿಯಬಿಡುವ ಗಂಡಸರು ನಮ್ಮ ನಡುವೆ ಕಡಿಮೆಯಿಲ್ಲ. ಅವರು ಎಳೆತನದಲ್ಲಿ ಕೇಳಿದ ಮಾತುಗಳಿಗೆ ಇದರಲ್ಲಿ ಪಾಲಿಲ್ಲವೆನ್ನಲಾಗದು.

ಧೈರ್ಯವೆಂಬ ಗುಣವನ್ನೇ ನಾವು ಗಂಡಿಗೆ ಬರೆದುಕೊಟ್ಟಿದ್ದೇವೆ. ಗಂಡೆದೆ, ಗಂಡುಗಲಿ, ಗಂಡುಮೆಟ್ಟಿದ ನಾಡು ಎಂಬ ಮಾತುಗಳನ್ನು ನೋಡಿ. ಕಿತ್ತೂರಿನ ಚೆನ್ನಮ್ಮ 1824ರ ಅಕ್ಟೋಬರ್ ತಿಂಗಳಲ್ಲಿ ಇಂಗ್ಲಿಷರ ಸೈನ್ಯವನ್ನು ಎದುರಿಸಿದಳು. ಆ ಕಾಳಗದಲ್ಲಿ ಕಲೆಕ್ಟರ್ ಥ್ಯಾಕರೆ ಮಡಿದನು. ಅಂಥವಳನ್ನು ಹೊಗಳಹೊರಟ ಭಾಷಣಕಾರರು 'ಗಂಡುಮೆಟ್ಟಿದ ನಾಡಿನ ಗಂಡೆದೆಯ ರಾಣಿ' ಎನ್ನುತ್ತಾರೆ. ಅವಳ ಎದೆಯೊಳಗೆ ಇದ್ದದ್ದು ಅವಳದೇ ಧೈರ್ಯ. ಅದನ್ನು ಗಂಡಸರಿಂದ ಕಡ ತಂದದ್ದೆಂಬಂತೆ ನಮ್ಮ ಹೊಗಳಿಕೆ ಧ್ವನಿಸುತ್ತದೆ. 13ನೆಯ ಶತಮಾನದಲ್ಲಿ ಓರುಗಲ್ಲಿನಿಂದ ಆಳಿದ ಕಾಕತೀಯರ ರುದ್ರಮದೇವಿಯನ್ನು ಶಾಸನಗಳಲ್ಲಿ 'ರುದ್ರದೇವ ಮಹಾರಾಜ' ಎಂದು ಕರೆದಿರುವುದುಂಟು. ರಾಜ್ಯವನ್ನು ಆಳುವ ಸಾಮರ್ಥ್ಯ ಅವಳಿಗಿತ್ತು. ಆದರೆ ಆಳುವವರ ಹೆಸರು ಪುಲ್ಲಿಂಗದಲ್ಲಿರಬೇಕೆಂಬ ರೂಢಿಯನ್ನು ಮೀರುವುದು ಸುಲಭವಾಗಿರಲಿಲ್ಲ.

ಇದಕ್ಕೆ ಒಂದು ಆಕ್ಷೇಪಣೆಯನ್ನು ನಿರೀಕ್ಷಿಸಬಹುದು. 'ಮನುಷ್ಯನು', 'ನಾಗರಿಕನು', 'ರೈತನು' ಎಂದಾಗ ಹೆಂಗಸರೂ ಅದರಲ್ಲಿ ಸೇರಿರುತ್ತಾರೆ. ಪ್ರತಿಯೊಂದು ಕಡೆಯೂ ಬಿಡಿಸಿ ಹೇಳಬೇಕಾಗಿಲ್ಲ ಎಂದು ಕೆಲವರು ವಾದಿಸುತ್ತಾರೆ. ಕಾನೂನು ಕೂಡ ಹೀಗೆಯೇ ಹೇಳುತ್ತದೆ. 1897ರ ಸಾಮಾನ್ಯ ಖಂಡಗಳ ಅಧಿನಿಯಮದ 13ನೆಯ ಪ್ರಕರಣದ ಪ್ರಕಾರ, ಸಂದರ್ಭಕ್ಕೆ ವಿರುದ್ಧವಾಗದಿದ್ದರೆ, ಪುಲ್ಲಿಂಗದ ಶಬ್ದಗಳು ಸ್ತ್ರೀಯರನ್ನೂ ಒಳಗೊಳ್ಳುತ್ತವೆ. ಆದರೆ ಈ ಉದಾರತೆ ಬಾಗಿಲ ಬಳಿ ಹೇಗೆ ವರ್ತಿಸಿತೆಂಬುದನ್ನು ಚರಿತ್ರೆ ಹೇಳುತ್ತದೆ. ರೆಜೀನಾ ಗುಹಾ ಎಂಬಾಕೆ ಕಾನೂನು ಪದವಿಯನ್ನು ಪಡೆದು, ವಕೀಲಳಾಗಿ ತನ್ನ ಹೆಸರನ್ನು ದಾಖಲುಮಾಡಿಕೊಳ್ಳಬೇಕೆಂದು ಅರ್ಜಿ ಹಾಕಿದಳು. 1916ರಲ್ಲಿ ಕಲ್ಕತ್ತದ ಉಚ್ಚ ನ್ಯಾಯಾಲಯವು ಅರ್ಜಿಯನ್ನು ತಳ್ಳಿಹಾಕಿತು. ವಕೀಲರ ಕಾಯಿದೆಯಲ್ಲಿರುವ 'ವ್ಯಕ್ತಿ' ಎಂಬ ಮಾತು ಸ್ತ್ರೀಯನ್ನು ಒಳಗೊಳ್ಳದು ಎಂಬುದು ಆ ತೀರ್ಮಾನದ ತಾತ್ಪರ್ಯ. 1921ರಲ್ಲಿ ಪಾಟ್ನಾದಲ್ಲಿ ಸುಧಾಂಶುಬಾಲಾ ಹಾಜ್ರಾ ಅವರಿಗೂ ಇದೇ ಉತ್ತರ ದೊರೆಯಿತು. 1923ರಲ್ಲಿ ಪ್ರತ್ಯೇಕ ಕಾಯಿದೆಯೊಂದು ಬಂದು ಸ್ತ್ರೀಯರೆಂಬ ಕಾರಣಕ್ಕೆ ಯಾರನ್ನೂ ವಕೀಲಿಯಿಂದ ಹೊರಗಿಡಬಾರದೆಂದು ಸ್ಪಷ್ಟವಾಗಿ ಹೇಳಿದ ಮೇಲೆಯೇ ಬಾಗಿಲು ತೆರೆಯಿತು. ತೆರಿಗೆ ಕೊಡುವಾಗ, ಶಿಕ್ಷೆಗೆ ಗುರಿಯಾಗುವಾಗ 'ಅವನು' ಎಂಬುದರಲ್ಲಿ ಅವಳೂ ಸೇರುತ್ತಿದ್ದಳು. ಹಕ್ಕನ್ನು ಕೇಳುವಾಗ 'ವ್ಯಕ್ತಿ' ಎಂಬುದರಿಂದಲೂ ಹೊರಗಾದಳು. 2024ರ ಜುಲೈ 1ರಿಂದ ಜಾರಿಗೆ ಬಂದಿರುವ ಭಾರತೀಯ ನ್ಯಾಯ ಸಂಹಿತೆಯು 'ಅವನು' ಎಂಬ ಸರ್ವನಾಮವು ಗಂಡಸು, ಹೆಂಗಸು, ಲಿಂಗಾಂತರಿ ಇವರಲ್ಲಿ ಯಾರನ್ನಾದರೂ ಸೂಚಿಸಬಹುದೆಂದು ಬಿಡಿಸಿ ಹೇಳಿದೆ. ಬಿಡಿಸಿ ಹೇಳುವುದರ ಅಗತ್ಯವನ್ನು ಕಾನೂನು ಅನುಭವದಿಂದ ಕಲಿತಿದೆ.

ಮಾತಿನಲ್ಲಿ ಲಿಂಗವಿಲ್ಲದಿದ್ದರೂ ಮನಸ್ಸಿನ ಚಿತ್ರದಲ್ಲಿ ಲಿಂಗವಿರಬಹುದೆಂಬುದಕ್ಕೆ ಒಂದು ಪ್ರಸಿದ್ಧವಾದ ಪ್ರಯೋಗವಿದೆ. ಡೇವಿಡ್ ಚೇಂಬರ್ಸ್ ಎಂಬ ವಿದ್ವಾಂಸರು ಕೆನಡ, ಅಮೆರಿಕ ಮತ್ತು ಆಸ್ಟ್ರೇಲಿಯಗಳ 4,807 ಮಕ್ಕಳಿಂದ ವಿಜ್ಞಾನಿಯ ಚಿತ್ರವನ್ನು ಬರೆಸಿ, 1983ರಲ್ಲಿ ಅದರ ಫಲಿತಾಂಶವನ್ನು ಪ್ರಕಟಿಸಿದರು. ಅಷ್ಟು ಚಿತ್ರಗಳಲ್ಲಿ ವಿಜ್ಞಾನಿಯನ್ನು ಹೆಂಗಸಾಗಿ ತೋರಿಸಿದವು 28 ಮಾತ್ರ. ಅವನ್ನು ಬರೆದವರೆಲ್ಲರೂ ಹುಡುಗಿಯರೇ. ಇಂಗ್ಲಿಷಿನ 'ಸೈಂಟಿಸ್ಟ್' ಎಂಬ ಶಬ್ದಕ್ಕೆ, ನಮ್ಮ 'ವಿಜ್ಞಾನಿ'ಯಂತೆ, ಗಂಡೆಂಬ ಗುರುತಿಲ್ಲ. ಆದರೆ ಪಾಠಗಳಲ್ಲಿ, ಕಥೆಗಳಲ್ಲಿ, ಚಿತ್ರಪಟಗಳಲ್ಲಿ ಆ ಶಬ್ದ ಯಾರ ಜೊತೆಗೆ ಬರುತ್ತದೆಯೋ ಅವರ ಬಣ್ಣ ಅದಕ್ಕೆ ಹತ್ತಿಕೊಳ್ಳುತ್ತದೆ. ಈ ಬಗೆಯ ಅಧ್ಯಯನಗಳನ್ನೆಲ್ಲ ಒಟ್ಟುಗೂಡಿಸಿ 2018ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಪರಿಶೀಲನೆಯು ಸಮಾಧಾನದ ಸಂಗತಿಯೊಂದನ್ನು ತಿಳಿಸಿತು. ಇತ್ತೀಚಿನ ದಶಕಗಳಲ್ಲಿ ಅಲ್ಲಿನ ಮಕ್ಕಳು ಬರೆದ ಚಿತ್ರಗಳಲ್ಲಿ ಸರಾಸರಿ ಶೇಕಡ 28ರಷ್ಟು ವಿಜ್ಞಾನಿಗಳು ಹೆಂಗಸರಾಗಿದ್ದರು. ಲೋಕ ಬದಲಾದಂತೆ, ಪುಸ್ತಕದ ಪುಟಗಳು ಬದಲಾದಂತೆ, ಮನಸ್ಸಿನ ಚಿತ್ರವೂ ಬದಲಾಗುತ್ತದೆ. ನಮ್ಮ ನಾಡಿನಲ್ಲಿಯೇ ರಾಜೇಶ್ವರಿ ಚಟರ್ಜಿ ಅವರು ನಂಜನಗೂಡಿನಲ್ಲಿ ಹುಟ್ಟಿ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸೂಕ್ಷ್ಮ ತರಂಗಗಳ ವಿಷಯದಲ್ಲಿ ಸಂಶೋಧನೆ ನಡೆಸಿ, ಅಲ್ಲಿಯೇ ಪ್ರಾಧ್ಯಾಪಕಿಯಾಗಿದ್ದರು. ಅವರ ಹೆಸರನ್ನು ಕೇಳಿ ಬೆಳೆದ ಹುಡುಗಿಯು 'ವಿಜ್ಞಾನಿ' ಎಂಬ ಶಬ್ದಕ್ಕೆ ಬರೆಯುವ ಚಿತ್ರ ಬೇರೆಯೇ ಆಗಿರುತ್ತದೆ.

'ಹೊಟ್ಟೆಗೆ ಹಿಟ್ಟು ಬೇಕಾದಲ್ಲಿ ಶಬ್ದಗಳ ಚರ್ಚೆ ಏಕೆ? ಮೊದಲು ಸಮಾಜ ಬದಲಾಗಲಿ, ಮಾತು ತಾನಾಗಿ ಬದಲಾಗುತ್ತದೆ' ಎಂಬುದು ಇನ್ನೊಂದು ವಾದ. ಇದರಲ್ಲಿ ತಿರುಳಿದೆ. ಕೆಲವು ಶಬ್ದಗಳನ್ನು ತಿದ್ದಿದ ಮಾತ್ರಕ್ಕೆ ಅನ್ಯಾಯ ನೀಗುವುದಿಲ್ಲ; ಬಂಗಾಳದ ಉದಾಹರಣೆಯೇ ಇದನ್ನು ತೋರಿಸುತ್ತದೆ. ಆದರೆ ಕಾನೂನು ಬದಲಾದರೂ ಮಾತು ಬದಲಾಗದಿದ್ದರೆ ಏನಾಗುತ್ತದೆಂಬುದನ್ನೂ ನೋಡಬೇಕು. ಕರ್ನಾಟಕದಲ್ಲಿ 1994ರಲ್ಲಿಯೇ ಹಿಂದೂ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ, ಆಗ ಮದುವೆಯಾಗಿರದ ಹೆಣ್ಣುಮಕ್ಕಳಿಗೆ ಗಂಡುಮಕ್ಕಳಂತೆಯೇ ಹಕ್ಕು ಬಂದಿತು. 2005ರ ತಿದ್ದುಪಡಿಯು ಮದುವೆಯಾದ ಮಗಳಿಗೂ ಸೇರಿಸಿ ದೇಶಕ್ಕೆಲ್ಲ ಅದನ್ನು ವಿಸ್ತರಿಸಿತು. ಆದರೂ 'ಕೊಟ್ಟ ಹೆಣ್ಣು ಕುಲಕ್ಕೆ ಹೊರಗೆ' ಎಂಬ ಗಾದೆ ನಮ್ಮ ನಾಲಿಗೆಯ ಮೇಲೆ ಹಾಗೆಯೇ ಇದೆ. ತವರಿನ ಪಾಲನ್ನು ಕೇಳಿದವಳಿಗೆ 'ಆಸೆಬುರುಕಿ' ಎಂಬ ಹೆಸರು. ಕೇಳದೆ ಹಕ್ಕುಬಿಡುಗಡೆ ಪತ್ರಕ್ಕೆ ರುಜುಹಾಕಿದವಳಿಗೆ 'ಒಳ್ಳೆಯವಳು' ಎಂಬ ಹೆಸರು. ತನ್ನ ಪಾಲನ್ನು ಕೇಳಿದ ಅಣ್ಣನನ್ನು ಯಾರೂ ಆಸೆಬುರುಕನೆನ್ನುವುದಿಲ್ಲ. ಕಾಯಿದೆಯ ಪುಸ್ತಕ ಕೊಟ್ಟದ್ದನ್ನು ಒಂದು ಗಾದೆ ಹಿಂದಕ್ಕೆ ಕಿತ್ತುಕೊಳ್ಳಬಲ್ಲುದು. ಹೀಗಿರುವಲ್ಲಿ ಶಬ್ದದ ಚರ್ಚೆ ಹಿಟ್ಟಿನ ಚರ್ಚೆಯೂ ಆಗುತ್ತದೆ. 2023ರಲ್ಲಿ ಸರ್ವೋಚ್ಚ ನ್ಯಾಯಾಲಯವು ತೀರ್ಪು ಮತ್ತು ವಾದಪತ್ರಗಳಲ್ಲಿ ಸ್ತ್ರೀಯರ ವಿಷಯದಲ್ಲಿ ಯಾವ ಬಗೆಯ ಮಾತುಗಳನ್ನು ಬಿಡಬೇಕು, ಅವುಗಳಿಗೆ ಬದಲಾಗಿ ಏನನ್ನು ಬಳಸಬೇಕು ಎಂಬುದನ್ನು ತಿಳಿಸುವ ಕೈಪಿಡಿಯನ್ನು ಹೊರತಂದದ್ದು ಈ ಕಾರಣದಿಂದಲೇ.

ಹಾಗೆಂದು ಭಾಷೆಯ ಪ್ರತಿಯೊಂದು ಶಬ್ದವನ್ನೂ ಜರಡಿ ಹಿಡಿದು, ಹಳೆಯದನ್ನೆಲ್ಲ ಹೊರಗೆಸೆಯಬೇಕೆಂದು ನಾನು ಹೇಳುವುದಿಲ್ಲ. 2007ರಲ್ಲಿ ಪ್ರತಿಭಾ ಪಾಟೀಲ್ ಅವರು ರಾಷ್ಟ್ರಪತಿಯಾದಾಗ, 'ಪತಿ' ಎಂದು ಕೊನೆಯಾಗುವ ಶಬ್ದ ಮಹಿಳೆಗೆ ಒಪ್ಪುವುದೇ ಎಂಬ ಚರ್ಚೆ ನಡೆಯಿತು. ಶಬ್ದವನ್ನು ಬದಲಾಯಿಸಲಿಲ್ಲ. 2022ರಲ್ಲಿ ದ್ರೌಪದಿ ಮುರ್ಮು ಅವರು ಆ ಸ್ಥಾನಕ್ಕೆ ಬರುವ ವೇಳೆಗೆ 'ರಾಷ್ಟ್ರಪತಿ' ಎಂಬ ಮಾತು ಹೆಂಗಸರಿಗೂ ಸಹಜವಾಗಿ ಒಗ್ಗಿಹೋಗಿತ್ತು. ಶಬ್ದಕ್ಕೆ ಹೊಸ ಜನ ಒಡೆಯರಾದರೆ ಅದರ ಅರ್ಥವೂ ಅಗಲವಾಗುತ್ತದೆ. ಕೆಲವೆಡೆ ಹೊಸ ಶಬ್ದ ಬೇಕು. ಕೆಲವೆಡೆ ಹಳೆಯ ಶಬ್ದಕ್ಕೆ ಹೊಸ ಬಳಕೆ ಸಾಕು. ಯಾವುದು ಎಲ್ಲಿ ಎಂಬ ವಿವೇಚನೆ ನಮಗಿರಬೇಕು.

ಈ ವಿವೇಚನೆಗೆ ಬೇಕಾದ ಸಾಧನಗಳು ಕನ್ನಡದಲ್ಲಿ ಧಾರಾಳವಾಗಿವೆ. 'ಅವರು' ಎಂಬ ನಮ್ಮ ಸರ್ವನಾಮವನ್ನೇ ನೋಡಿ: ಅದು ಗೌರವವನ್ನೂ ಕೊಡುತ್ತದೆ, ಗಂಡು ಹೆಣ್ಣೆಂಬ ಭೇದವನ್ನೂ ಮಾಡುವುದಿಲ್ಲ. 'ರೈತನು ಬಿತ್ತುತ್ತಾನೆ' ಎಂಬಲ್ಲಿ 'ರೈತರು ಬಿತ್ತುತ್ತಾರೆ' ಎಂದರೆ ಸಾಕು, ಚಿತ್ರದೊಳಗೆ ಇಬ್ಬರಿಗೂ ಸ್ಥಳವಾಗುತ್ತದೆ. 12ನೆಯ ಶತಮಾನದಲ್ಲಿ ವಚನಗಳನ್ನು ಬರೆದ ಶರಣೆಯರು ಮೂವತ್ತಕ್ಕೂ ಹೆಚ್ಚು ಮಂದಿ. ಮಹಾದೇವಿಯನ್ನು ಅವಳಿಗಿಂತ ಹಿರಿಯರಾದ ಶರಣರೂ 'ಅಕ್ಕ' ಎಂದು ಕರೆದರು. ಆ ಎರಡಕ್ಷರದ ಮಾತು ವಯಸ್ಸನ್ನು ಲೆಕ್ಕಿಸದೆ ಅನುಭಾವದ ಹಿರಿತನವನ್ನು ಗೌರವಿಸಿತು. ಪಾವಗಡ ತಾಲ್ಲೂಕಿನ ನರಸಮ್ಮ ಅವರು ಸಾವಿರಾರು ಹೆರಿಗೆಗಳನ್ನು ಕೂಲಿ ಬೇಡದೆ ಮಾಡಿಸಿದರು. 2018ರಲ್ಲಿ ಅವರಿಗೆ ಪದ್ಮಶ್ರೀ ಪ್ರಶಸ್ತಿ ಬಂದಾಗ ನಾಡೆಲ್ಲ ಅವರನ್ನು 'ಸೂಲಗಿತ್ತಿ ನರಸಮ್ಮ' ಎಂದು ಕರೆಯಿತು. ಇಂಥವರ ಹೆಂಡತಿ, ಇಂಥವರ ಮಗಳು ಎಂಬ ಗುರುತು ಅಲ್ಲಿ ಬೇಕಾಗಲಿಲ್ಲ. ಅಕ್ಷರ ಕಲಿಯದ ಹೆಂಗಸೊಬ್ಬಳ ಕೈಯ ವಿದ್ಯೆಯೇ ಅವಳ ಬಿರುದಾಯಿತು.

ಗಾದೆಯನ್ನೋ ಬೈಗುಳನ್ನೋ ಹೊಗಳಿಕೆಯನ್ನೋ ಆಡುವ ಮೊದಲು ಅದರಲ್ಲಿ 'ಹೆಣ್ಣು' ಇರುವ ಕಡೆ 'ಗಂಡು' ಎಂದೂ, 'ಗಂಡು' ಇರುವ ಕಡೆ 'ಹೆಣ್ಣು' ಎಂದೂ ಬದಲಾಯಿಸಿ ಮನಸ್ಸಿನಲ್ಲಿಯೇ ಒಮ್ಮೆ ಹೇಳಿಕೊಂಡು ನೋಡಿ. ಆಗಲೂ ಮಾತು ನ್ಯಾಯವಾಗಿ ಕೇಳಿಸಿದರೆ ಆಡಬಹುದು. ನಗೆ ಬಂದರೆ ಅಥವಾ ನಾಚಿಕೆಯಾದರೆ ಆ ಮಾತಿನಲ್ಲಿ ಏನೋ ಓರೆಯಿದೆಯೆಂದು ತಿಳಿಯಬೇಕು. ಇಷ್ಟಕ್ಕೆ ಹಣ ಬೇಡ, ಅಧಿಕಾರ ಬೇಡ, ಹಿರಿಯರ ಅಪ್ಪಣೆಯೂ ಬೇಡ. ಹೊಲ ಗದ್ದೆಗಳನ್ನು ಹಿರಿಯರು ನಮಗೆ ಹಂಚಿಕೊಡಬೇಕಾಗುತ್ತದೆ. ಭಾಷೆಯಾದರೋ ಹುಟ್ಟಿದ ಮಗುವಿಗೆಲ್ಲ ಪಾಲು ಮಾಡದೆ ಪೂರ್ತಿಯಾಗಿ ದೊರೆಯುವ ಆಸ್ತಿ. ಅದನ್ನು ಇದ್ದಂತೆಯೇ ಮುಂದಿನವರಿಗೆ ದಾಟಿಸುವುದೋ, ಕಳೆ ಕಿತ್ತು ಹಸನುಮಾಡಿ ದಾಟಿಸುವುದೋ ಎಂಬುದು ಅದನ್ನಾಡುವ ಹುಡುಗ ಹುಡುಗಿಯರ ಕೈಯಲ್ಲಿದೆ.